ಮದುವೆ ಸೀರೆಗೂ ಅಪ್ಪಣೆ ಬೇಕಿತ್ತು

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

ಮದುವೆ ಸೀಸನ್ ಶುರುವಾಯ್ತು ಅಂದ್ರೆ ನಮ್ಮವರ ನಡುವೆ ಒಂದು ಹಳೇ ಜಗಳವೂ ಶುರುವಾಗುತ್ತೆ. ಕೇರಿಯ ಹುಡುಗಿ ರೇಷ್ಮೆ ಸೀರೆ ಉಟ್ಟು, ಹುಡುಗ ಶೇರ್ವಾನಿ ಹಾಕಿ, ಕಲ್ಯಾಣ ಮಂಟಪದಲ್ಲಿ ನಿಂತ ಫೋಟೊ ಬಂದ ತಕ್ಷಣ ಎರಡು ಥರದ ಮಾತು ಕೇಳಿಸುತ್ತವೆ. ಊರಿನವರದ್ದು, "ಇವರಿಗೆಲ್ಲ ಎಲ್ಲಿಂದ ಬಂತು ದುಡ್ಡು?" ನಮ್ಮವರದ್ದು, "ಬಾಬಾಸಾಹೇಬರ ಮಕ್ಕಳು ಹೀಗೆ ಆಡಂಬರ ಮಾಡಬಹುದಾ?" ಮೊದಲನೇ ಮಾತಿಗೆ ಉತ್ತರ ಕೊಡೋ ಅಗತ್ಯವೇ ಇಲ್ಲ. ಎರಡನೇದು ನಮ್ಮ ಮನೆಯ ಮಾತು. ಅದನ್ನ ಕೂತು ಯೋಚನೆ ಮಾಡಬೇಕು.

ಮದುವೆ ಉಡುಪಿನ ಚರಿತ್ರೆ ಅಂತ ಓದೋಕೆ ಹೋದ್ರೆ ಸಿಗೋದೆಲ್ಲ ರಾಣಿಯರ ಗೌನು, ರಾಜರ ಪೇಟ, ಬನಾರಸ್ಸಿನ ಜರಿ, ಕಂಚಿಯ ಅಂಚು. ಯಾವ ಶತಮಾನದಲ್ಲಿ ಯಾವ ಬಣ್ಣ, ಯಾವ ಕುಸುರಿ. ಎಲ್ಲರೂ ತಮತಮಗೆ ಇಷ್ಟವಾದದ್ದನ್ನ ಆರಿಸಿ ಉಟ್ಟರು, ಹಾಗೇ ಫ್ಯಾಷನ್ ಬದಲಾಯ್ತು ಅನ್ನೋ ಥರ ಆ ಕತೆ ಇರುತ್ತೆ. ನಮ್ಮ ಕತೆ ಅದಲ್ಲ. ನಮಗೆ ಏನು ಉಡಬೇಕು ಅನ್ನೋದಕ್ಕಿಂತ ಮೊದಲು ಉಡೋಕೆ ಅಪ್ಪಣೆ ಇದೆಯಾ ಅನ್ನೋ ಪ್ರಶ್ನೆ ಇತ್ತು. ಅದನ್ನ ಮರೆತು ಸರಳತೆಯ ಬಗ್ಗೆ ಮಾತಾಡೋಕೆ ಆಗಲ್ಲ ಅನ್ನೋದಷ್ಟೇ ಈ ಬರಹ.

ಮೊದಲು ದೂರದ ಕತೆ ನೋಡೋಣ, ಯಾಕಂದ್ರೆ ಇವತ್ತು ಜಗತ್ತೆಲ್ಲ ಮದುಮಗಳು ಅಂದ್ರೆ ಬಿಳಿ ಗೌನು ಅಂದುಕೊಂಡಿದೆ. ಅದು ಅನಾದಿ ಕಾಲದ ಸಂಪ್ರದಾಯವೇನಲ್ಲ. 1840ರ ಫೆಬ್ರವರಿ 10ರಂದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಬಿಳಿ ಸ್ಯಾಟಿನ್ ಗೌನು ತೊಟ್ಟು ಮದುವೆಯಾದಳು. ಆಮೇಲೆ ಅದು ಹರಡಿತು. ಅದಕ್ಕೂ ಮುಂಚೆ ಅಲ್ಲಿಯ ಹೆಣ್ಣುಮಕ್ಕಳು ತಮ್ಮಲ್ಲಿದ್ದ ಒಳ್ಳೇ ಬಟ್ಟೆಯನ್ನೇ, ಅದು ಯಾವ ಬಣ್ಣದ್ದಾದರೂ ಸರಿ, ಮದುವೆಗೆ ಹಾಕ್ಕೊಳ್ತಿದ್ದರು. ಬಡವರ ಮನೆಯ ಹುಡುಗಿ ಅದೇ ಬಟ್ಟೆಯನ್ನ ಆಮೇಲೆ ಭಾನುವಾರದ ಚರ್ಚಿಗೂ ಹಾಕ್ಕೊಂಡು ಹೋಗಬೇಕಿತ್ತು. ಬಿಳಿ ಬಟ್ಟೆ ಅಂದ್ರೆ ಒಂದೇ ದಿನಕ್ಕೆ ಕೊಳೆಯಾಗುತ್ತೆ, ಒಗೆಯೋಕೆ ಆಳು ಬೇಕು. ಹಾಗಾಗಿ ಬಿಳಿ ಗೌನು ಅಂದ್ರೆ ಪಾವಿತ್ರ್ಯ ಅನ್ನೋ ಅರ್ಥಕ್ಕಿಂತ ಮೊದಲು ಸಿರಿವಂತಿಕೆ ಅನ್ನೋ ಅರ್ಥ ಇತ್ತು. ಆ ಗೌನಿನ ಲೇಸನ್ನ ಹೆಣೆದವರು ಡೆವನ್ ಸೀಮೆಯ ಬೀರ್ ಅನ್ನೋ ಹಳ್ಳಿಯ ಬಡ ಹೆಂಗಸರು, ಇನ್ನೂರಕ್ಕೂ ಹೆಚ್ಚು ಜನ. ಯಂತ್ರ ಬಂದು ಅವರ ಕಸುಬು ಸಾಯ್ತಾ ಇದ್ದ ಕಾಲ ಅದು. ಚಿತ್ರದಲ್ಲಿ ರಾಣಿ ಕಾಣ್ತಾಳೆ, ಅವರು ಕಾಣಲ್ಲ.

ಅದೇ ದೇಶದಲ್ಲಿ 1363ರಲ್ಲಿ ಒಂದು ಕಾನೂನು ಬಂದಿತ್ತು. ಯಾವ ಅಂತಸ್ತಿನವರು ಎಷ್ಟು ಬೆಲೆಯ ಬಟ್ಟೆ ತೊಡಬಹುದು, ಯಾರು ರೇಷ್ಮೆ ಮುಟ್ಟಬಾರದು, ಯಾರು ಚಿನ್ನ ಬೆಳ್ಳಿ ಹಾಕಬಾರದು ಅಂತ ಪಟ್ಟಿ ಮಾಡಿದ್ದ ಕಾನೂನು. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1740ರ ಕಾಯ್ದೆ ಗುಲಾಮರು ಒರಟು, ಅಗ್ಗದ ಬಟ್ಟೆಗಳನ್ನ ಬಿಟ್ಟು ಬೇರೆ ತೊಡಬಾರದು ಅಂತ ಹೇಳಿತು. ಎಲ್ಲಾ ಕಡೆಯ ಯಜಮಾನರಿಗೂ ಒಂದೇ ಭಯ ನೋಡಿ. ಕೆಳಗಿನವರು ಚೆನ್ನಾಗಿ ಬಟ್ಟೆ ಹಾಕ್ಕೊಂಡ್ರೆ ಯಾರು ಯಾರು ಅಂತ ಗುರುತು ಸಿಗಲ್ಲವಲ್ಲ ಅನ್ನೋ ಭಯ.

ಇದರ ಜೊತೆಗೇ ಆನ್ ಲೋ ಅನ್ನೋ ಹೆಸರನ್ನ ನಮ್ಮ ಹುಡುಗಿಯರು ತಿಳ್ಕೊಂಡಿರಬೇಕು. ಅಲಬಾಮಾದ ಕಪ್ಪು ಹೆಣ್ಣುಮಗಳು. ಅಜ್ಜಿ ಗುಲಾಮಗಿರಿಯಲ್ಲಿದ್ದವಳು, ಹೊಲಿಗೆ ಮನೆತನದ ಕಸುಬು. 1953ರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾಗಲಿದ್ದ ಜಾನ್ ಕೆನಡಿಯ ಮದುವೆಗೆ ಮದುಮಗಳು ಜಾಕ್ವೆಲಿನ್ ತೊಟ್ಟ ಗೌನನ್ನ ಹೊಲಿದವಳು ಇವಳೇ. ಮದುವೆಗೆ ಹತ್ತು ದಿನ ಇದ್ದಾಗ ಹೊಲಿಗೆ ಅಂಗಡಿಗೆ ನೀರು ನುಗ್ಗಿ ಮದುಮಗಳ ಗೌನೂ, ಜೊತೆಗಿನ ಹುಡುಗಿಯರ ಉಡುಪುಗಳೂ ಹಾಳಾದವು. ಯಾರಿಗೂ ಹೇಳದೆ ಹಗಲು ರಾತ್ರಿ ಕೂತು ಮತ್ತೆ ಹೊಲಿದಳು. ಲಾಭದ ಬದಲು ಎರಡು ಸಾವಿರ ಡಾಲರಿಗೂ ಮೇಲೆ ನಷ್ಟ ಮಾಡ್ಕೊಂಡಳು. ಜಗತ್ತಿನಲ್ಲೇ ಅತಿ ಹೆಚ್ಚು ಫೋಟೊ ಆದ ಮದುವೆ ಗೌನುಗಳಲ್ಲಿ ಅದೂ ಒಂದು. ಆದರೆ ಅವಳ ಹೆಸರು ಹೊರಗೆ ಬರೋಕೆ ವರ್ಷಗಳೇ ಬೇಕಾದವು. ಇದನ್ನ ಓದಿದಾಗ ನನಗೆ ನಮ್ಮ ಕೇರಿಯ ತಮಟೆಯವರು ನೆನಪಾದರು. ಊರಿನ ಎಲ್ಲಾ ಮದುವೆಗೂ ಮುಂದೆ ನಿಂತು ಬಡಿದವರು, ಊಟಕ್ಕೆ ಮಾತ್ರ ಎಲ್ಲರದ್ದೂ ಆದ ಮೇಲೆ ಹಿತ್ತಲಲ್ಲಿ ಕೂತವರು.

ಈಗ ನಮ್ಮ ದೇಶಕ್ಕೆ ಬರೋಣ. ಮನುಸ್ಮೃತಿಯ ಹತ್ತನೇ ಅಧ್ಯಾಯದ 52ನೇ ಶ್ಲೋಕ ಚಾಂಡಾಲರ ಉಡುಗೆ ಏನಿರಬೇಕು ಅಂತ ಹೇಳುತ್ತೆ: ಹೆಣದ ಮೇಲಿನ ಬಟ್ಟೆ. ಒಡವೆ ಏನು? ಕಬ್ಬಿಣದ್ದು. ಊಟ ಒಡೆದ ಮಡಕೆಯಲ್ಲಿ. ಬದುಕಿರೋವರೆಗೂ ಸತ್ತವರ ಬಟ್ಟೆ ಉಡಬೇಕು ಅಂತ ಬರೆದವರಿಗೆ ನಮ್ಮ ಮದುವೆ ಉಡುಪಿನ ಬಗ್ಗೆ ಯಾವ ಕಲ್ಪನೆ ಇರೋಕೆ ಸಾಧ್ಯ?

ಇದು ಬರೀ ಪುಸ್ತಕದ ಮಾತು, ಜನ ಹಾಗೆ ನಡೆದುಕೊಳ್ತಿರಲಿಲ್ಲ ಅಂತ ವಾದ ಮಾಡೋರಿಗೆ 'ಜಾತಿ ವಿನಾಶ'ದ ಮೊದಲ ಪುಟಗಳನ್ನ ತೋರಿಸಿ. 1928ರಲ್ಲಿ ಇಂದೋರ್ ಸೀಮೆಯ ಹಳ್ಳಿಗಳಲ್ಲಿ ಸವರ್ಣರು ಬಲಾಯಿ ಜಾತಿಯವರಿಗೆ ಹಾಕಿದ ಕಟ್ಟಳೆಗಳನ್ನ ಬಾಬಾಸಾಹೇಬರು ಅಲ್ಲಿ ಕೊಟ್ಟಿದ್ದಾರೆ. ಗಂಡಸರು ಜರಿ ಅಂಚಿನ ಪೇಟ ಸುತ್ತಬಾರದು. ಬಣ್ಣದ ಅಂಚಿನ ಪಂಚೆ ಉಡಬಾರದು. ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು, ಅಲಂಕಾರದ ಲಂಗ, ರವಿಕೆ ತೊಡಬಾರದು. ಅದೇ ಪಟ್ಟಿಯಲ್ಲಿ ಇನ್ನೊಂದು ಇದೆ: ಸವರ್ಣರ ಮದುವೆಗಳಲ್ಲಿ ಮೆರವಣಿಗೆಯ ಮುಂದೆ ಬಲಾಯಿಗಳು ವಾದ್ಯ ನುಡಿಸಲೇಬೇಕು. ಒಪ್ಪದಿದ್ದಾಗ ಬಾವಿ ಮುಚ್ಚಿತು, ದನ ಮೇಯಿಸೋ ಜಾಗ ಮುಚ್ಚಿತು, ಹೊಲಕ್ಕೆ ಹೋಗೋ ದಾರಿಯೂ ಮುಚ್ಚಿತು.

ಇನ್ನೂ ಎರಡು ವರ್ಷ ಬಿಟ್ಟು ತಮಿಳುನಾಡಿನ ರಾಮನಾಥಪುರಕ್ಕೆ ಬನ್ನಿ. 1930ರ ಡಿಸೆಂಬರಿನಲ್ಲಿ ಅಲ್ಲಿಯ ಕಳ್ಳರ್ ಜಾತಿಯವರು ಆದಿ ದ್ರಾವಿಡರಿಗೆ ಎಂಟು ನಿಷೇಧ ಹಾಕಿದರು, ಮರುವರ್ಷ ಅದು ಹನ್ನೊಂದಾಯ್ತು. ಚಿನ್ನ ಬೆಳ್ಳಿ ಬೇಡ. ಗಂಡಸರ ಬಟ್ಟೆ ಮೊಣಕಾಲಿನಿಂದ ಕೆಳಗೆ, ಸೊಂಟದಿಂದ ಮೇಲೆ ಬರಬಾರದು. ಕೋಟು, ಅಂಗಿ, ಬನಿಯನ್ ಬೇಡ. ಹೆಂಗಸರು ಮೈಯ ಮೇಲ್ಭಾಗ ಮುಚ್ಚಬಾರದು, ಹೂ ಮುಡಿಯಬಾರದು. ಮದುವೆಗೆ ವಾದ್ಯ ಇರಬಾರದು. ಗಂಡು ಕುದುರೆ ಏರಬಾರದು. ಮೆರವಣಿಗೆ ಬೇಕೇ ಬೇಕು ಅಂದ್ರೆ ಪಲ್ಲಕ್ಕಿಯ ಬದಲು ತಮ್ಮ ಮನೆಯ ಬಾಗಿಲನ್ನ ಕಿತ್ತು ಅದರ ಮೇಲೆ ಕೂರಿಸ್ಕೊಂಡು ಹೋಗಬೇಕು. ಆಗಿನ ಜನಗಣತಿ ಕಮಿಷನರ್ ಹಟ್ಟನ್ ತನ್ನ ಪುಸ್ತಕದಲ್ಲಿ ಇದನ್ನೆಲ್ಲ ದಾಖಲಿಸಿದ್ದಾನೆ. ಮನೆಯ ಬಾಗಿಲು! ಮದುವೆ ಮುಗಿಸಿ ಬಂದ ಗಂಡು ಹೆಣ್ಣಿಗೆ ಆ ರಾತ್ರಿ ಹಾಕ್ಕೊಳ್ಳೋಕೆ ಬಾಗಿಲು ಇತ್ತೋ ಇಲ್ಲವೋ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೀನಿ.

ತಿರುವಾಂಕೂರಿನ ಚಾನ್ನಾರ್ ಹೆಂಗಸರ ಹೋರಾಟ ನಿಮಗೆಲ್ಲ ಗೊತ್ತು. ಅವರ ಸಮುದಾಯ ಇವತ್ತು ಪರಿಶಿಷ್ಟರ ಪಟ್ಟಿಯಲ್ಲಿಲ್ಲ, ಆದರೂ ಆ ಹೋರಾಟ ನಮ್ಮೆಲ್ಲರದ್ದು. ದಶಕಗಳ ಕಾಲ ಬೀದಿಯಲ್ಲಿ ರವಿಕೆ ಹರಿಸ್ಕೊಂಡು, ಹೊಡೆತ ತಿಂದು, 1859ರ ಜುಲೈ 26ರಂದು ಮೈ ಮುಚ್ಚಿಕೊಳ್ಳೋ ಹಕ್ಕನ್ನ ರಾಜನಿಂದ ಪಡೆದರು. ಆದರೆ ಆ ಆಜ್ಞೆಯಲ್ಲಿ ಒಂದು ಷರತ್ತು ಇತ್ತು: ಮುಚ್ಚಿಕೊಳ್ಳಿ, ಮೇಲ್ಜಾತಿ ಹೆಂಗಸರ ಥರ ಮಾತ್ರ ಮುಚ್ಚಿಕೊಳ್ಳಬೇಡಿ. ಬಟ್ಟೆ ಕೊಟ್ಟರೂ ಗುರುತು ಅಳಿಸಬಾರದು ಅನ್ನೋದು ಲೆಕ್ಕ.

ಇದೆಲ್ಲ ಓದೋಕೆ ಮುಂಚೆ ನನಗೆ ಗೊತ್ತಿದ್ದ ಚರಿತ್ರೆ ನಮ್ಮ ಮನೆಯದ್ದು. ನಮ್ಮಜ್ಜಿಯ ಮದುವೆಗೆ ಒಂದು ಒರಟು ಕೆಂಪು ಹತ್ತಿ ಸೀರೆ ತಂದಿದ್ರಂತೆ. ರವಿಕೆ ಇಲ್ಲ. ಸೀರೆಯನ್ನ ಪಾದ ಮುಚ್ಚೋ ಹಾಗೆ ಇಳಿಬಿಟ್ಟು ಉಡೋ ಹಾಗೂ ಇರಲಿಲ್ಲ, ಮೊಣಕಾಲ ಕೆಳಗೆ ಸ್ವಲ್ಪ ಬಂದ್ರೆ ಸಾಕು. "ಮದ್ವೇಗಾದ್ರೂ ನೆರಿಗೆ ಇಳಿಬಿಡ್ಬೋದಿತ್ತಲ್ಲಜ್ಜಿ" ಅಂದ್ರೆ, "ಇಳಿಬುಟ್ರೆ ಯಾವ ಗೌಡ್ರು ಮನೆ ಸೊಸೆ ಇವ್ಳು ಅಂತ ಕೇಳೋರು ಕಣವ್ವ" ಅಂತಿದ್ಲು. ಅಷ್ಟೇ ಹೇಳೋಳು. ಕೇಳಿದ ಮೇಲೆ ಏನು ಮಾಡೋರು ಅಂತ ಹೇಳ್ತಿರಲಿಲ್ಲ, ನಾವೂ ಕೇಳ್ತಿರಲಿಲ್ಲ.

ನಮ್ಮವ್ವನ ಕಾಲಕ್ಕೆ ರವಿಕೆ ಬಂತು, ಪಾದದವರೆಗೂ ಸೀರೆ ಬಂತು. ಸೀರೆ ಮಾತ್ರ ಸ್ವಂತದ್ದಲ್ಲ. ನಮ್ಮ ತಾತ ಜೀತಕ್ಕಿದ್ದ ಮನೆಯ ಯಜಮಾನಿ ಉಟ್ಟು ಬಿಟ್ಟ ಒಂದು ಕೆಂಪು ಸೀರೆ ಕೊಟ್ಟಿದ್ದಳು. ಸರಿಗೆ ಅಂಚು ಇತ್ತಂತೆ. ಕೊಡೋಕೆ ಮುಂಚೆ ಆ ಸರಿಗೆ ಅಂಚನ್ನ ಬಿಚ್ಚಿ ಇಟ್ಕೊಂಡು, ಬರೀ ಸೀರೆ ಕೊಟ್ಟಳು. ಅಂಚು ಬಿಚ್ಚಿದ ಜಾಗದಲ್ಲಿ ಸೂಜಿ ತೂತಿನ ಸಾಲು ಹಾಗೇ ಉಳಿದಿತ್ತು. ಅವ್ವ ಅದಕ್ಕೆ ಹಳದಿ ದಾರದಲ್ಲಿ ಹೊಲಿಗೆ ಹಾಕಿ ಅಂಚು ಮಾಡ್ಕೊಂಡಳು. ಅಪ್ಪ ಬಾಸಿಂಗ ಕಟ್ಟಿ, ಪೇಟ ಸುತ್ತಿ ದಿಬ್ಬಣ ಬಂದವರು ಊರ ಬೀದಿ ದಾಟೋವಾಗ ಪೇಟ ತೆಗೆದು ಕಂಕುಳಲ್ಲಿ ಇಟ್ಕೊಂಡು, ಚಪ್ಪಲಿ ಕೈಲಿ ಹಿಡಿದು ನಡೆದರಂತೆ. ಕೇರಿಗೆ ಬಂದ ಮೇಲೆ ಮತ್ತೆ ಸುತ್ತಿಕೊಂಡರು. ಅವರ ಮದುವೆಯ ಫೋಟೊ ಒಂದೂ ಇಲ್ಲ. ಆ ಹಳದಿ ಹೊಲಿಗೆಯ ತುಂಡು ಸೆರಗು ನಮ್ಮ ಟ್ರಂಕಿನಲ್ಲಿ ಇನ್ನೂ ಇದೆ.

ಈ ಪೇಟದ ಕತೆ ಹಳೇದು ಅಂದ್ಕೋಬೇಡಿ. 2015ರಲ್ಲಿ ಮಧ್ಯಪ್ರದೇಶದ ರತ್ಲಾಮ್ ಜಿಲ್ಲೆಯ ಹಳ್ಳಿಯಲ್ಲಿ ದಲಿತ ಮದುಮಗ ಕುದುರೆ ಏರಿದ್ದಕ್ಕೆ ಕಲ್ಲು ಬಿದ್ದವು. ಕೊನೆಗೆ ಪೊಲೀಸರ ನಡುವೆ, ತಲೆಗೆ ಹೆಲ್ಮೆಟ್ ಹಾಕ್ಕೊಂಡು ಮೆರವಣಿಗೆ ಮುಗಿಸಿದ. ಆ ಫೋಟೊ ನೀವು ನೋಡಿರ್ತೀರಿ. ಕೊರಳಲ್ಲಿ ಹಾರ, ಮೈಮೇಲೆ ಮದುವೆ ಬಟ್ಟೆ, ತಲೆ ಮೇಲೆ ಹೆಲ್ಮೆಟ್. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್‌ನಲ್ಲಿ ಒಬ್ಬ ಹುಡುಗ ತನ್ನ ದಿಬ್ಬಣ ಊರ ಬೀದಿಯಲ್ಲಿ ಹೋಗಬೇಕು ಅನ್ನೋದಕ್ಕೆ ಹೈಕೋರ್ಟಿನವರೆಗೂ ಅಲೆದ, ಕೊನೆಗೆ ಪೊಲೀಸ್ ಬಂದೋಬಸ್ತಿನಲ್ಲಿ ಮದುವೆಯಾದ. ಮದುವೆ ಉಡುಪಿನ ಚರಿತ್ರೆ ಬರೆಯೋರು ಈ ಹೆಲ್ಮೆಟ್ಟಿಗೂ ಒಂದು ಪುಟ ಕೊಡಬೇಕು.

ನಮ್ಮ ಕಾನೂನನ್ನೇ ನೋಡಿ. ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಪರಿಶಿಷ್ಟರು ಸಾರ್ವಜನಿಕ ಸ್ಥಳದಲ್ಲಿ ಚಪ್ಪಲಿ ಹಾಕೋದನ್ನ, ಹೊಸ ಬಟ್ಟೆ ತೊಡೋದನ್ನ, ಮದುವೆ ಮೆರವಣಿಗೆ ಹೋಗೋದನ್ನ, ಆ ಮೆರವಣಿಗೆಯಲ್ಲಿ ಕುದುರೆ ಏರೋದನ್ನ ತಡೆಯೋದು ಅಪರಾಧ ಅಂತ ಬಿಡಿಸಿ ಬಿಡಿಸಿ ಬರೆದಿದ್ದಾರೆ. ಇಪ್ಪತ್ತೊಂದನೇ ಶತಮಾನದ ಸಂಸತ್ತು 'ಹೊಸ ಬಟ್ಟೆ' ಅನ್ನೋ ಮಾತನ್ನ ಕಾನೂನಲ್ಲಿ ಬರೀಬೇಕಾಯ್ತು ಅಂದ್ರೆ ಆ ಹೊಸ ಬಟ್ಟೆಗೆ ಎಷ್ಟು ಜನ ಏಟು ತಿಂದಿರಬೇಕು.

ಇನ್ನೊಂದು ಮದುವೆ ಸೀರೆ ಇದೆ, ಅದನ್ನ ಬಿಟ್ಟು ಈ ಚರಿತ್ರೆ ಪೂರ್ತಿಯಾಗಲ್ಲ. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸ್ಕೊಂಡ ನಮ್ಮ ಹೆಣ್ಣುಮಕ್ಕಳ ಸೀರೆ. ಹೊಸ ಸೀರೆ, ಕೈ ತುಂಬ ಹಸಿರು ಬಳೆ, ಕೊರಳಿಗೆ ಕೆಂಪು ಬಿಳಿ ಮಣಿಯ ಸರ. ನೋಡೋಕೆ ಮದುಮಗಳೇ. ಪಕ್ಕದಲ್ಲಿ ಗಂಡು ಮಾತ್ರ ಇಲ್ಲ. ವರ್ಷಕ್ಕೊಮ್ಮೆ ರಂಡೆ ಹುಣ್ಣಿಮೆಗೆ ಬಳೆ ಒಡೀಬೇಕು, ಮುತ್ತೈದೆ ಹುಣ್ಣಿಮೆಗೆ ಮತ್ತೆ ತೊಡಬೇಕು. ಗಂಡನೇ ಇಲ್ಲದವಳಿಗೆ ವರ್ಷ ವರ್ಷವೂ ವೈಧವ್ಯ. ಬಹುಪಾಲು ಎಲ್ಲರೂ ನಮ್ಮ ಕೇರಿಯ ಮಕ್ಕಳೇ. 1982ರಲ್ಲಿ ರಾಜ್ಯ ಇದನ್ನ ನಿಷೇಧಿಸೋ ಕಾಯ್ದೆ ಮಾಡಿತು. ಚಂದ್ರಗುತ್ತಿಯ ಬೆತ್ತಲೆ ಸೇವೆ ನಿಲ್ಲಿಸೋಕೆ 1986ರಲ್ಲಿ ದಲಿತ ಸಂಘರ್ಷ ಸಮಿತಿಯವರು ಮೈಮೇಲೆ ಏಟು ಹಾಕಿಸ್ಕೊಂಡು ನಿಂತಿದ್ದು ಈ ನಾಡಿನ ನೆನಪಲ್ಲಿದೆ. ಒಂದು ಕಡೆ ಸೀರೆ ಉಡಿಸಿ ಹಾಳುಮಾಡಿದರು, ಇನ್ನೊಂದು ಕಡೆ ಸೀರೆ ಬಿಚ್ಚಿಸಿ ಹಾಳುಮಾಡಿದರು. ನಮ್ಮ ಮೈಮೇಲಿನ ಬಟ್ಟೆ ಯಾವತ್ತೂ ಬೇರೆಯವರ ತೀರ್ಮಾನವೇ ಆಗಿತ್ತು.

ಹಾಗಾದ್ರೆ ತೀರ್ಮಾನ ನಮ್ಮ ಕೈಗೆ ಬಂದಿದ್ದು ಯಾವಾಗ? 1873ರಲ್ಲಿ ಫುಲೆ ದಂಪತಿಗಳ ಸತ್ಯಶೋಧಕ ಸಮಾಜ ಪುರೋಹಿತರಿಲ್ಲದ ಮದುವೆಗಳನ್ನ ಶುರುಮಾಡಿತು. ಪುರೋಹಿತ ಹೋದರೆ ದಕ್ಷಿಣೆ ಹೋಯ್ತು, ಆ ಮಟ್ಟಿಗೆ ಸಾಲವೂ ಹೋಯ್ತು. ಮಹಾಡ್‌ನಲ್ಲಿ 1927ರ ಡಿಸೆಂಬರ್ 25ರಂದು ಮನುಸ್ಮೃತಿಯನ್ನ ಸುಟ್ಟ ಮೇಲೆ ಬಾಬಾಸಾಹೇಬರು ಹೆಂಗಸರನ್ನೇ ಕೂರಿಸಿ ಮಾತಾಡಿದರು. ಜಾತಿಯ ಗುರುತು ಹೇಳೋ ಉಡುಗೆ ಬಿಡಿ, ಮೈತುಂಬ ಹೇರಿಕೊಂಡ ಭಾರದ ಒಡವೆ ಬಿಡಿ, ಬೇರೆ ಹೆಂಗಸರು ಹೇಗೆ ಸೀರೆ ಉಡ್ತಾರೋ ಹಾಗೇ ಉಡಿ, ಹರಿದಿದ್ರೂ ಚೊಕ್ಕಟವಾಗಿರಲಿ ಅನ್ನೋದು ಆ ಮಾತಿನ ಸಾರ. ಅಲ್ಲಿದ್ದ ಹೆಂಗಸರು ಮಾರನೇ ದಿನಕ್ಕೇ ಸೀರೆ ಉಡೋ ರೀತಿ ಬದಲಿಸಿದರು ಅಂತ ಅವರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳ್ತಾರೆ. ಪಾದದವರೆಗೆ ಇಳಿಬಿಟ್ಟ ಆ ನೆರಿಗೆ ನಮ್ಮಜ್ಜಿಗೆ ಸಿಗದ ನೆರಿಗೆ. ಫ್ಯಾಷನ್ ಅನ್ನೋದು ನಮ್ಮಲ್ಲಿ ಬದಲಾಗಿದ್ದು ಹೀಗೆ.

ಅವರ ಸ್ವಂತ ಮದುವೆಗಳನ್ನೂ ನೆನಪು ಮಾಡ್ಕೊಳ್ಳಿ. ರಮಾಬಾಯಿಯವರ ಜೊತೆಗಿನ ಮದುವೆ ನಡೆದಿದ್ದು ಮುಂಬಯಿಯ ಬೈಕುಲಾ ಮಾರ್ಕೆಟ್ಟಿನಲ್ಲಿ, ವ್ಯಾಪಾರ ಮುಗಿದ ರಾತ್ರಿ, ಮಾರಾಟದ ಕಲ್ಲುಕಟ್ಟೆಗಳೇ ಬೆಂಚು. 1948ರ ಏಪ್ರಿಲ್ 15ರಂದು ಡಾ. ಶಾರದಾ ಕಬೀರ್ ಅವರ ಜೊತೆಗಿನ ಮದುವೆ ದೆಹಲಿಯ ಮನೆಯಲ್ಲಿ, ರಿಜಿಸ್ಟರ್ ಮದುವೆ. ಮೊದಲನೇದು ಬೇರೆ ದಾರಿ ಇಲ್ಲದ ಸರಳತೆ. ಎರಡನೇದು ಆರಿಸ್ಕೊಂಡ ಸರಳತೆ. ನೋಡೋಕೆ ಎರಡೂ ಸರಳವೇ, ಆದರೆ ಎರಡೂ ಒಂದೇ ಅಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷೆಗೆ ಲಕ್ಷಾಂತರ ಜನ ಬಿಳಿ ಬಟ್ಟೆ ತೊಟ್ಟು ಬಂದರು. ಮಹಾರಾಷ್ಟ್ರದ ಬೌದ್ಧ ಮದುವೆಗಳಲ್ಲಿ ಇವತ್ತಿಗೂ ಮದುಮಗಳು ಬಿಳಿ ಸೀರೆ ಉಡ್ತಾಳೆ. ಒಂದು ಬಿಳಿ ಬಣ್ಣಕ್ಕೆ ಎಷ್ಟು ಅರ್ಥ ನೋಡಿ. ವಿಕ್ಟೋರಿಯಾಗೆ ಸಿರಿತನ, ಸವರ್ಣರ ವಿಧವೆಗೆ ಶಿಕ್ಷೆ, ನಮಗೆ ಬುದ್ಧನ ದಾರಿ. ನಮ್ಮ ಹಳೇ ಮೈಸೂರು ಕಡೆ ಕೆಂಪಂಚಿನ ಬಿಳಿ ಧಾರೆ ಸೀರೆ ಶುಭಕ್ಕೆ. ಬಣ್ಣಕ್ಕೆ ತನ್ನದೇ ಅರ್ಥ ಇಲ್ಲ, ಉಡೋರು ಉಡಿಸೋರು ಕೊಟ್ಟಿದ್ದೇ ಅರ್ಥ.

ನನ್ನ ಮದುವೆಯೂ ಹಾಗೇ ಆಯ್ತು. ಬಾಬಾಸಾಹೇಬರ ಫೋಟೊ ಮುಂದೆ, ಸಂವಿಧಾನದ ಪೀಠಿಕೆ ಓದಿ, ನೀಲಿ ಅಂಚಿನ ಬಿಳಿ ಹತ್ತಿ ಸೀರೆ ಉಟ್ಟು. ಸಂಗಾತಿಗಳು ಹೋರಾಟದ ಹಾಡು ಹೇಳಿದರು, ಅನ್ನ ಸಾರು ಪಾಯಸದ ಊಟ ಆಯ್ತು. ಆ ಮದುವೆ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಅವತ್ತು ಎಲ್ಲ ಮುಗಿದ ಮೇಲೆ ಅವ್ವ ಮಾತ್ರ ಪಕ್ಕಕ್ಕೆ ಕರೆದು ಹೇಳಿದಳು: "ನೀನು ಓದ್ದೋಳು, ಬುಡ್ತೀನಿ ಅಂತ ಬುಟ್ಟೆ. ನಮ್ಗೆ ಇರ್ನಿಲ್ಲ ಅಂತ ಇರ್ನಿಲ್ಲ. ಜನ ನೋಡಕ್ಕೆ ಎಲ್ಡೂ ಒಂದೇ ಥರ ಕಾಣ್ತದೆ ಕಣ್ ಮಗ." ಬೈಗುಳ ಅಲ್ಲ ಅದು, ದುಃಖವೂ ಅಲ್ಲ. ನಮ್ಮ ಚಳವಳಿಯ ಎಷ್ಟೋ ಅಧ್ಯಯನ ಶಿಬಿರಗಳಲ್ಲಿ ಕೂತರೂ ಇಷ್ಟು ಸರಿಯಾಗಿ ಈ ವಿಷಯ ಹೇಳಿದವರನ್ನ ನಾನು ಕಂಡಿಲ್ಲ.

ಕುವೆಂಪು ಅವರ ಮಂತ್ರ ಮಾಂಗಲ್ಯವನ್ನ ನಾವು ಗೌರವಿಸ್ತೀವಿ. 1966ರಲ್ಲಿ ತೇಜಸ್ವಿಯವರ ಮದುವೆ ಆ ರೀತಿ ಆದ ಮೇಲೆ ಸಾವಿರಾರು ಜನ ಅದೇ ದಾರಿ ಹಿಡಿದರು, ನಮ್ಮವರೂ ಹಿಡಿದರು. ಆದರೆ ಭೂಮಿ, ಮನೆ, ಹೆಸರು ಇರೋ ಮನೆತನದ ಹುಡುಗ ಸಾದಾ ಬಟ್ಟೆಯಲ್ಲಿ ಮದುವೆಯಾದ್ರೆ ಜನ 'ಆದರ್ಶ' ಅಂತಾರೆ. ಕೇರಿಯ ಹುಡುಗ ಅದೇ ಸಾದಾ ಬಟ್ಟೆಯಲ್ಲಿ ಆದ್ರೆ 'ಪಾಪ, ಇಲ್ಲದೋರು' ಅಂತಾರೆ. ಬಿಡೋಕೆ ಮೊದಲು ಕೈಯಲ್ಲಿ ಏನಾದ್ರೂ ಇರಬೇಕು. ಗಾಂಧಿ ಬಟ್ಟೆ ಕಳಚಿ ಮಹಾತ್ಮರಾದರು, ಬಾಬಾಸಾಹೇಬರು ಸೂಟು ಬೂಟು ತೊಟ್ಟು ನಮ್ಮನ್ನ ಮನುಷ್ಯರನ್ನಾಗಿ ಮಾಡಿದರು ಅಂತ ನಾವು ವೇದಿಕೆ ಮೇಲೆ ಹೇಳ್ತೀವಿ. ಅದೇ ಮಾತನ್ನ ನಮ್ಮ ಮದುಮಗಳಿಗೂ ಅನ್ವಯಿಸೋಕೆ ಯಾಕೆ ಹಿಂಜರಿಕೆ? ಇನ್ನೊಂದು ವಿಷಯ, ದೀಕ್ಷೆಯ ದಿನ ಬಾಬಾಸಾಹೇಬರು ಉಟ್ಟಿದ್ದು ಬಿಳಿ ರೇಷ್ಮೆ ಪಂಚೆ.

ಈಗ ನಮ್ಮಣ್ಣನ ಮಗಳ ವಿಷಯ. ನರ್ಸ್ ಕೆಲಸ ಮಾಡ್ತಾಳೆ. ಮದುವೆಗೆ ಮೈಸೂರು ಸಿಲ್ಕ್ ಸೀರೆ ಬೇಕು ಅಂತ ತಿಂಗಳು ತಿಂಗಳು ದುಡ್ಡು ಕೂಡಿಟ್ಟು ತಗೊಂಡಳು. ನಮ್ಮ ಸಂಗಾತಿಯೊಬ್ಬರು "ಅಕ್ಕ, ನಿಮ್ಮ ಮನೇಲೂ ಹಿಂಗಾ?" ಅಂದರು. ಅವಳು ನನ್ನ ಕೇಳಿದಳು, "ಅತ್ತೆ, ಆ ಸೀರೇಲಿ ನಮ್ಮವರ ಕೈ ಇಲ್ವಾ?" ಅಂತ.

ಇದೆ. ಆ ರೇಷ್ಮೆಯ ಕತೆಯೂ ಹೇಳಬೇಕು. ರೇಷ್ಮೆಯನ್ನ ಸವರ್ಣರು ಮಡಿ ಬಟ್ಟೆ ಅಂತಾರೆ. ಹತ್ತಿಗೆ ಮೈಲಿಗೆ ಬೇಗ ತಾಗುತ್ತೆ, ರೇಷ್ಮೆಗೆ ಹಾಗಲ್ಲವಂತೆ. ಆ ಮಡಿ ಎಲ್ಲಿಂದ ಬರುತ್ತೆ? ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯೋ ಕೂಲಿಯಾಳುಗಳಿಂದ. ಹುಳು ಗೂಡಲ್ಲಿರುವಾಗಲೇ ಗೂಡನ್ನ ಬಿಸಿನೀರಲ್ಲಿ ಬೇಯಿಸಿ, ಸುಡೋ ನೀರಿಗೆ ಕೈ ಹಾಕಿ ನೂಲು ಎಳೆಯೋ ಹೆಂಗಸರಿಂದ, ಮಕ್ಕಳಿಂದ. ದಿನವಿಡೀ ಆ ನೀರಲ್ಲಿ ಕೈ ಅದ್ದಿದ್ರೆ ಬೆರಳ ಚರ್ಮ ಬೆಂದು ಸುಲಿಯುತ್ತೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಕರ್ನಾಟಕವೂ ಸೇರಿದ ಹಾಗೆ ನಮ್ಮ ದೇಶದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ಮಾಡಿತು. ಅವರಲ್ಲಿ ಬಹಳ ಜನ ದಲಿತ ಮಕ್ಕಳು. ನಾಲ್ವಡಿಯವರ ಕಾಲದಲ್ಲಿ 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಹೆಮ್ಮೆಯನ್ನ ಎಲ್ಲರೂ ಹೇಳ್ತಾರೆ. ಮಗ್ಗಕ್ಕೆ ಬರೋ ಮುಂಚೆ ರೇಷ್ಮೆ ಯಾರ ಕೈ ದಾಟಿ ಬರುತ್ತೆ ಅನ್ನೋದನ್ನ ಯಾರೂ ಹೇಳಲ್ಲ. ನಾವು ಮುಟ್ಟಿದ್ರೆ ನೀರು ಮೈಲಿಗೆ, ನಾವು ಎಳೆದ ನೂಲು ಮಾತ್ರ ಮಡಿ.

ಮಗ್ಗವೂ ನಮಗೆ ಹೊಸದಲ್ಲ. ಮೈಸೂರು ಸೀಮೆಯ ಹೊಲೆಯರು ಒರಟು ಹತ್ತಿ ಬಟ್ಟೆ ನೇಯ್ತಿದ್ದರು ಅಂತ ಬ್ರಿಟಿಷರ ಕಾಲದ ದಾಖಲೆಗಳೇ ಹೇಳ್ತವೆ. ಊರಿನವರ ಮೈ ಮುಚ್ಚೋ ಬಟ್ಟೆ ನೇಯ್ದವರಿಗೆ ತಮ್ಮ ಮದುವೆಗೆ ಬಣ್ಣದ ಅಂಚು ಇಟ್ಕೊಳ್ಳೋ ಹಕ್ಕು ಇರಲಿಲ್ಲ.

ಹಾಗಾಗಿ ಅಣ್ಣನ ಮಗಳಿಗೆ ನಾನು ಹೇಳಿದ್ದು, ಉಡು ಕಣೇ, ಚೆನ್ನಾಗಿ ಉಡು, ಸೆರಗು ಉದ್ದ ಬಿಡು.

ಇಷ್ಟು ಹೇಳಿದ ಮಾತ್ರಕ್ಕೆ ಮಾರುಕಟ್ಟೆ ಕೇಳಿದ್ದನ್ನೆಲ್ಲ ಮಾಡಿ ಅಂತ ಅರ್ಥ ಅಲ್ಲ. ಇವತ್ತು ನಮ್ಮ ಕೇರಿಗಳಲ್ಲಿ ಒಂದು ದಿನದ ಲೆಹೆಂಗಾಕ್ಕೆ, ಪ್ರೀ ವೆಡ್ಡಿಂಗ್ ಶೂಟಿಗೆ, ಡ್ರೋನ್ ಕ್ಯಾಮೆರಾಕ್ಕೆ ಸಂಘದ ಸಾಲ, ಮೈಕ್ರೋ ಫೈನಾನ್ಸ್ ಸಾಲ, ಚಿನ್ನದ ಸಾಲ ಎಲ್ಲ ಆಗ್ತಿದೆ. ವಾರವಾರ ಬಾಗಿಲಿಗೆ ಬರೋ ವಸೂಲಿಯವರ ಕಾಟ ಎಷ್ಟಾಗಿತ್ತು ಅಂದ್ರೆ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ನಮ್ಮ ತಾತಂದಿರು ಜೀತಕ್ಕೆ ಬಿದ್ದಿದ್ದೂ ಎಷ್ಟೋ ಸಲ ಮದುವೆ ಸಾಲಕ್ಕೇ. ಸ್ವಂತ ದುಡಿಮೆಯ ಸೀರೆ ಬೇರೆ, ಸಾಲದ ಸೀರೆ ಬೇರೆ. ಆ ಯಜಮಾನಿ ಅಂಚು ಬಿಚ್ಚಿ ಕೊಟ್ಟ ಸೀರೆಗೂ, ಬಡ್ಡಿಯವನು ಕೊಟ್ಟ ಸೀರೆಗೂ ನನಗೆ ಅಂಥಾ ವ್ಯತ್ಯಾಸ ಕಾಣಲ್ಲ. ಎರಡರಲ್ಲೂ ತಲೆ ತಗ್ಗಿಸಬೇಕು.

ಸಂಗಾತಿಗಳಿಗೆ ನನ್ನ ಮನವಿ ಇಷ್ಟು.

ಒಂದು, ನಮ್ಮ ಮಕ್ಕಳ ಮದುವೆ ಬಟ್ಟೆ ನೋಡಿ 'ಆಡಂಬರ' ಅನ್ನೋಕೆ ಮುಂಚೆ ಆ ಮನೆಯ ಅಜ್ಜಿ ತನ್ನ ಮದುವೆಗೆ ಏನು ಉಟ್ಟಿದ್ದಳು ಅಂತ ಕೇಳಿ.

ಎರಡು, ಸರಳ ಮದುವೆ ಮಾಡ್ತೀವಿ ಅನ್ನೋರ ಜೊತೆ ನಿಲ್ಲಿ. ಹಾಗೆ ಮಾಡೋಕೆ ಯಾರನ್ನೂ, ಅದರಲ್ಲೂ ಹುಡುಗಿಯನ್ನ, ಬಲವಂತ ಮಾಡಬೇಡಿ. ಸರಳ ಮದುವೆಯ ಪಾಠ ಯಾವಾಗಲೂ ಹೆಣ್ಣಿನ ಸೀರೆಯಿಂದಲೇ ಶುರುವಾಗುತ್ತೆ, ಗಂಡಿನ ಬೈಕಿನಿಂದ ಯಾಕೆ ಶುರುವಾಗಲ್ಲ?

ಮೂರು, ಸಾಲ ಬೇಡ. ನಮ್ಮ ಸಂಘಟನೆಗಳಲ್ಲೇ ಮದುವೆ ಸೀರೆ, ಕೋಟುಗಳನ್ನ ಕೂಡಿಟ್ಟು ಒಬ್ಬರಿಂದೊಬ್ಬರಿಗೆ ಕೊಡೋ ವ್ಯವಸ್ಥೆ ಮಾಡಬಹುದು. ಅಂಚು ಬಿಚ್ಚದೇ ಕೊಡೋಣ.

ನಾಲ್ಕು, ಮನೆಯ ಟ್ರಂಕು ತೆಗೆದು ನೋಡಿ. ಅಜ್ಜಿಯ ಸೀರೆಯ ತುಂಡೋ, ಅಪ್ಪ ಕಂಕುಳಲ್ಲಿ ಇಟ್ಕೊಂಡು ನಡೆದ ಪೇಟವೋ ಇದ್ದರೆ ಎಸೀಬೇಡಿ. ಅದರ ಹಿಂದಿನ ಕತೆಯನ್ನ ಬದುಕಿರೋರ ಬಾಯಿಂದ ಕೇಳಿ ಬರೆದಿಡಿ. ರಾಣಿಯರ ಗೌನುಗಳು ಮ್ಯೂಸಿಯಮ್ಮಿನಲ್ಲಿವೆ. ನಮ್ಮವನ್ನ ನಾವೇ ಕಾಯಬೇಕು.

ಕೊನೇದು, ನಮ್ಮ ದಿಬ್ಬಣಕ್ಕೆ ಯಾರಾದ್ರೂ ಅಡ್ಡ ಬಂದ್ರೆ ರಾಜಿ ಪಂಚಾಯ್ತಿಗೆ ಹೋಗಬೇಡಿ. ಕಾಯ್ದೆಯಲ್ಲಿ ಬರೆದಿದೆ, ಹೊಸ ಬಟ್ಟೆ ನಮ್ಮ ಹಕ್ಕು. ದೂರು ಕೊಡಿ.

ಜೈ ಭೀಮ್. ಜೈ ಸಾವಿತ್ರಿ.